ಮಸ್ಕತ್ತಿಗೆ ಒಂದು ತಾಸಿನ ದಾರಿ

ಸೇಡಂ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಸೇಡಂ ಡಿಪೋ, ಚಿಂಚೋಳಿ ರೂಟು. ಯಾವ ಊರಿಂದ ಯಾವ ಊರಿಗೆ ಎಷ್ಟು ಹೊತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಸಿಮೆಂಟ್ ಲಾರಿಗಳು ಸಾಲು ಹಚ್ಚಿದ ದಿನ ಎಷ್ಟು, ಚಿತ್ತಾಪುರದಲ್ಲಿ ಸಂತೆ ಇದ್ದ ದಿನ ಎಷ್ಟು, ಡ್ರೈವರ್ ಮನೆಯಲ್ಲಿ ಜಗಳ ಮಾಡಿಕೊಂಡು ಬಂದ ದಿನ ಎಷ್ಟು, ಎಲ್ಲವೂ ಬಾಯಿಪಾಠ. ಇಂಥವಳು ವಿಮಾನದ ಹೊತ್ತನ್ನು ತಪ್ಪು ಲೆಕ್ಕ ಹಾಕಿ, ಹೆತ್ತ ತಾಯಿಯನ್ನು ಸಮುದ್ರದ ಮೇಲೆ ಹನಿ ನೀರಿಲ್ಲದೆ ಕೂಡಿಸಿದ ಕಥೆಯನ್ನು ಡಿಪೋದವರು ಈಗಲೂ ನನ್ನಿಂದ ಹೇಳಿಸಿ ನಗುತ್ತಾರೆ. ಹೇಳಿ ಹೇಳಿ ಸಾಕಾಗಿ, ಒಮ್ಮೆ ಬರೆದೇ ಬಿಡೋಣ ಎಂದು ಕುಳಿತಿದ್ದೇನೆ.

ನನ್ನ ಒಬ್ಬನೇ ತಮ್ಮ ಶರಣು ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಫಿಟರ್ ಕೆಲಸ ಕಲಿತು, ಅದೇ ಕೆಲಸ ಹಿಡಿದು ಒಮಾನ್ ದೇಶಕ್ಕೆ ಹೋದವನು. ಇಲ್ಲಿನ ಧೂಳು ಸಾಲದೆಂದು ಅಲ್ಲಿನ ಧೂಳು ತಿನ್ನಲು ಹೋದ ಎಂದು ಅವ್ವ ಅನ್ನುತ್ತಿದ್ದಳು. ಅವನ ಹೆಂಡತಿ ಸ್ವರೂಪ ಕುಂಚಾವರಂ ಕಡೆಯವಳು, ಒಮಾನಿನಲ್ಲಿಯೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವರಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ಸ್ವರೂಪಳ ತಾಯಿ ಹೋಗಿದ್ದು, ವೀಸಾದ ಅವಧಿ ಮುಗಿದು ತಿರುಗಿ ಬಂದರು. ಅವರು ಬಂದ ವಾರಕ್ಕೇ ಶರಣು ಫೋನ್ ಮಾಡಿದ.

“ಅಕ್ಕಾ, ಕೂಸಿನ ಕಿವ್ಯಾಗ ಹೆಸರು ನೀನೇ ಹೇಳಬೇಕು ನೋಡು. ನೀ ಬರೋತನಕ ನಾ ತೊಟ್ಲಾ ಕಟ್ಟಂಗಿಲ್ಲ,” ಅಂದ.

ಇದರ ತೂಕ ತಿಳಿಯದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೂಸಿಗೆ ಹೆಸರು ಕರೆಯುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕತಂಗಿಯರದು. ಅವಳು ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಮೂರು ಸಲ ಅಂದು ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬಗ್ಗಿದ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಗುದ್ದು ತಿನ್ನದ ಅತ್ತೆ ಅತ್ತೆಯೇ ಅಲ್ಲ.

ನನಗೆ ಆ ಗುದ್ದು ಸಿಕ್ಕಿರಲಿಲ್ಲ. ನನ್ನ ಗಂಡ ಇದೇ ಡಿಪೋದಲ್ಲಿ ಡ್ರೈವರ್ ಇದ್ದರು. ಕಾಯಿಲೆಯಿಂದ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಅವರ ಹೆಸರಿನ ಮೇಲೆ ನನಗೆ ಈ ಕೆಲಸ ಸಿಕ್ಕಿತು. ಅಂದಿನಿಂದ ನಮ್ಮ ಮನೆತನದಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ನನ್ನ ಜಾಗ ಅಡುಗೆಮನೆ. ಹೆಸರು ಕರೆಯುವವಳು ನನ್ನ ದೊಡ್ಡಪ್ಪನ ಮಗಳು ಕಾಶಿಬಾಯಿ. ಚಿಂಚೋಳಿಯಲ್ಲಿರುತ್ತಾಳೆ, ತುಂಬಿದ ಮನೆಯ ಮುತ್ತೈದೆ. ನಮ್ಮ ಮನೆತನದ ಅಷ್ಟೂ ಕೂಸುಗಳ ಕಿವಿ ಅವಳ ಸ್ವಾಧೀನ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಒಳ್ಳೆಯವಳು. ಆದರೂ ಹೊರಗೆ ಗುದ್ದಿನ ಸದ್ದು, ನಗು ಕೇಳಿದಾಗ ನಾನು ಹುಗ್ಗಿಯ ಪಾತ್ರೆಯಲ್ಲಿ ಸೌಟು ಜೋರಾಗಿ ಆಡಿಸುತ್ತಿದ್ದೆ. ಈಗ ಹುಟ್ಟಿದ್ದು ನನ್ನ ಒಡಹುಟ್ಟಿದವನ ಕೂಸು. ಹೋಗಲೇಬೇಕು ಅನ್ನಿಸಿತು.

ನನ್ನ ಜೊತೆಗೇ ಇರುವ ಅವ್ವನಿಗೆ ಹೇಳಿದೆ. ಅವಳು ಹಸನು ಮಾಡುತ್ತಿದ್ದ ತೊಗರಿಬೇಳೆಯನ್ನು ಪೂರ್ತಿ ಮುಗಿಸಿದಳು.

“ಎಷ್ಟು ತಾಸಿನ ದಾರಿ?” ಅಂದಳು ಕೊನೆಗೆ.

ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ. ತಮ್ಮ ಕಳಿಸಿದ ಟಿಕೆಟ್ಟನ್ನು ಮೊಬೈಲಿನಲ್ಲಿ ತೆಗೆದು ನೋಡಿದೆ. ಹೈದರಾಬಾದ್ ಬಿಡುವುದು ಹತ್ತಕ್ಕೆ, ಮಸ್ಕತ್ ಮುಟ್ಟುವುದು ಹನ್ನೊಂದೂ ಇಪ್ಪತ್ತಕ್ಕೆ. ಬಿಟ್ಟ ಹೊತ್ತನ್ನು ಮುಟ್ಟಿದ ಹೊತ್ತಿನಿಂದ ಕಳೆದರೆ ರನ್ನಿಂಗ್ ಟೈಮ್. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಪಾಠ ಅದು.

“ಒಂದು ತಾಸು, ಮ್ಯಾಲೊಂದಿಷ್ಟು ನಿಮಿಷ,” ಅಂದೆ. “ಕಲಬುರಗಿಗೆ ಹೋದಂಗ, ಅಷ್ಟೇ.”

ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಎಂದು ತಮ್ಮ ಹೇಳಿದ್ದ. ಅಷ್ಟು ದೂರವನ್ನು ಅಷ್ಟು ಹೊತ್ತಿನಲ್ಲಿ ಹೇಗೆ ಮುಟ್ಟುತ್ತಾರೆ ಎಂಬ ಅನುಮಾನ ನನಗೆ ಬರಲಿಲ್ಲವೆಂದಲ್ಲ. ಬಂತು. ವಿಮಾನ ಅಂದಮೇಲೆ ಓಡುತ್ತದೆ, ಅಡ್ಡ ಲಾರಿ ಇಲ್ಲ, ಹಂಪ್ ಇಲ್ಲ, ಕೈ ಮಾಡಿ ನಿಲ್ಲಿಸುವವರಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

“ಹಂಗಾದ್ರ ನಾನೂ ಬರ್ತೀನಿ,” ಅಂದಳು ಅವ್ವ.

ಕೊಡಂಗಲ್ ದಾರಿ

ಹಿಂದಿನ ದಿನವೇ ಹೈದರಾಬಾದ್ ಬಸ್ಸು ಹತ್ತಿದೆವು. ಪ್ರಯಾಣಿಕಳಾಗಿ ಕೂಡುವುದು ನನಗೆ ಬಹಳ ಕಷ್ಟದ ಕೆಲಸ. ಬಾಗಿಲಲ್ಲಿ ಜೋತುಬಿದ್ದವರನ್ನು ನೋಡಿ ತಡೆಯಲಾರದೆ “ಒಳಗ ನಡೀರಿ, ಒಳಗ ಜಾಗಾ ಅದ,” ಅಂದುಬಿಟ್ಟೆ. ಆ ಬಸ್ಸಿನ ಕಂಡಕ್ಟರ್ ನನ್ನನ್ನು ದಿಟ್ಟಿಸಿ ನೋಡಿದ. ಅವ್ವ ನನ್ನ ಸೆರಗು ಹಿಡಿದು ಕೂಡಿಸಿದಳು. ಸೇಡಂನಿಂದ ಹೈದರಾಬಾದಿಗೆ ನಾಲ್ಕು ತಾಸಿನ ಮೇಲೆ ಹಿಡಿಯುತ್ತದೆ. ದೇಶ ಬಿಟ್ಟು ಹೋಗುವುದಕ್ಕಿಂತ ಹೈದರಾಬಾದ್ ಮುಟ್ಟುವುದೇ ದೂರ ಎಂದು ಅವ್ವನಿಗೆ ನಗುತ್ತ ಹೇಳಿದೆ.

ಅವಳು ನಗಲಿಲ್ಲ. ಕೊಡಂಗಲ್ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: “ಮಾದೇವಿ, ಹೆಸರು ಕಾಶಿ ಹೇಳ್ತಾಳ.”

“ಕಾಶಿ ಎಲ್ಲಿ ಬರ್ತಾಳವ್ವ ಅಲ್ಲಿಗೆ?”

“ಫೋನಿನ್ಯಾಗ ಹೇಳ್ತಾಳ. ಮಾರಿ ಕಾಣಸ್ತದಲ್ಲ ಆ ಫೋನು. ಕೂಸಿನ ಕಿವಿಗಿ ಹಿಡಿದ್ರ ಆತು. ನಾ ಮಾತಾಡೀನಿ ಅಕಿ ಕೂಡ.”

ದಿನಕ್ಕೆ ಹತ್ತು ಜನರ ಜೊತೆ ಚಿಲ್ಲರೆಗೆ ಜಗಳ ಮಾಡುವ ಬಾಯಿ ನನ್ನದು, ಅವ್ವನ ಮುಂದೆ ಮಾತ್ರ ತೆರೆಯುವುದಿಲ್ಲ. ಅವಳಾಗಿಯೇ ಮತ್ತೆ ಹೇಳಿದಳು: “ನಿನ್ನ ಮ್ಯಾಲ ಸಿಟ್ಟಲ್ಲವಾ. ನಂದು ನಿನಗ ಬಂತು. ನಿಂದು ಕೂಸಿಗಿ ಬ್ಯಾಡ.”

ಅಪ್ಪ ಹೋದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಅಂದಿನಿಂದ ಅವ್ವ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. ತನ್ನ ಹಣೆಯದು ಮಗಳ ಹಣೆಗೆ ಇಳಿಯಿತು ಎಂದು ಅವಳು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು ಎಂಬುದು ನನಗೆ ಆ ಬಸ್ಸಿನಲ್ಲಿ ಗೊತ್ತಾಯಿತು. ನನಗೆ ಬಹಳ ನೋವಾಯಿತು. ನನಗಾಗಿ ಆದದ್ದಕ್ಕಿಂತ ಅವಳಿಗಾಗಿ ಹೆಚ್ಚು ನೋವಾಯಿತು. ಎದ್ದು ಹೋಗಲು ಬಸ್ಸಿನಲ್ಲಿ ಜಾಗವಿರಲಿಲ್ಲ, ಹಾಗಾಗಿ ಅವಳ ಪಕ್ಕದಲ್ಲೇ ಕುಳಿತಿದ್ದೆ.

ಶಂಷಾಬಾದ್

ಹೈದರಾಬಾದಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಶಂಷಾಬಾದಿನ ವಿಮಾನ ನಿಲ್ದಾಣ ಸೇರಿದೆವು. ದೊಡ್ಡ ಸಾಮಾನನ್ನು ಬೆಲ್ಟಿನ ಮೇಲೆ ಬಿಟ್ಟು, ಕೈಚೀಲ ಹಿಡಿದು ತಪಾಸಣೆಗೆ ನಿಂತೆವು. ಅವ್ವನ ಚೀಲ ಆ ಯಂತ್ರದೊಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಹಿಂದೆ ಮುಂದೆ ಎರಡು ಸಲ ಓಡಾಡಿಸಿ, ಖಾಕಿ ತೊಟ್ಟ ಹೆಣ್ಣುಮಗಳು ಅದನ್ನು ಎತ್ತಿಟ್ಟು ತೆರೆದಳು. ಒಳಗೆ ಮಡಿ ಬಟ್ಟೆಯಲ್ಲಿ ಸುತ್ತಿದ ಒಂದು ಗುಂಡುಕಲ್ಲು.

“ಯೇ ಕ್ಯಾ ಹೈ?” ಎಂದಳು.

“ಗುಂಡಪ್ಪ,” ಅಂದಳು ಅವ್ವ.

ತೊಟ್ಟಿಲಲ್ಲಿ ಕೂಸಿಗಿಂತ ಮೊದಲು ಮಲಗುವವನು ಗುಂಡಪ್ಪ. ಖಾರ ಅರೆಯುವ ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ, ತೊಟ್ಟಿಲಲ್ಲಿ ಹಾಕಿ ತೂಗಿ, ಆಮೇಲೆ ಅವನನ್ನು ತೆಗೆದು ಕೂಸನ್ನು ಹಾಕುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ನನ್ನನ್ನೂ ಶರಣುವನ್ನೂ ಮಲಗಿಸುವ ಮೊದಲು ಇವನೇ ಮಲಗಿದ್ದು. ಇದನ್ನೆಲ್ಲ ನನಗೆ ಬಂದ ಹಿಂದಿಯಲ್ಲಿ ಆಕೆಗೆ ಹೇಳಿದೆ. ಆಕೆ ನಕ್ಕಳು, ತನ್ನೂರಿನಲ್ಲೂ ಹೀಗೇ ಏನೋ ಒಂದು ಇದೆ ಅಂದಳು. ಆದರೆ ಕಲ್ಲು ಕೈಯಲ್ಲಿ ಹಿಡಿದು ವಿಮಾನ ಹತ್ತುವಂತಿಲ್ಲ, ಅದು ಕಾನೂನು ಎಂದು ಪಕ್ಕಕ್ಕಿಟ್ಟಳು.

ನಾನು ವಾದಕ್ಕೆ ಹೋಗಲಿಲ್ಲ. ನಾನು ಎಷ್ಟು ಜನರ ಕುರಿ, ಎಷ್ಟು ಜನರ ಕಬ್ಬಿಣದ ಸಳಿ ಬಸ್ಸಿನಿಂದ ಇಳಿಸಿಲ್ಲ? ಇಳಿಸುವಾಗ ಅವರು ಹೇಳುವ ಕಾರಣಗಳೆಲ್ಲ ಇಂಥವೇ. ಅವ್ವ ಮಾತ್ರ ಕಲ್ಲಿಗೆ ಕೈ ಮುಗಿದು “ಬರ್ತೀನಪ್ಪಾ,” ಅಂದು ಮುಂದೆ ನಡೆದಳು. ಅವಳ ಮುಖ ಸಣ್ಣದಾಗಿತ್ತು.

ವಿಮಾನದ ಬಾಗಿಲಲ್ಲಿ ನಿಂತ ಹುಡುಗಿ ಕೈ ಜೋಡಿಸಿ ನಮಸ್ಕಾರ ಮಾಡಿದಳು. ನಾನು ಕೆಲಸಕ್ಕೆ ಸೇರಿದಾಗಿನಿಂದ ಯಾರಿಗೂ ಹಾಗೆ ಮಾಡಿಲ್ಲ. ತಿರುಗಿ ಹೋಗಿ ಒಂದು ದಿನ ಮಾಡಿ ನೋಡಬೇಕು ಅಂದುಕೊಂಡೆ. ಮಾಡಿದ್ದೂ ಆಯಿತು, ಮೊದಲನೆಯ ಮುದುಕ ಹೆದರಿ ಕೆಳಗಿಳಿದ. ಇರಲಿ. ಕುಳಿತ ಕೂಡಲೇ ಅಭ್ಯಾಸ ಬಲದಿಂದ ತಲೆ ಎಣಿಸತೊಡಗಿದೆ. ಅಷ್ಟು ಜನರಿದ್ದರೂ ನಿಂತವರು ಒಬ್ಬರೂ ಇಲ್ಲ, ಎಲ್ಲರ ಸೊಂಟಕ್ಕೂ ಪಟ್ಟಿ. ಇಂಥ ಗಾಡಿಯಲ್ಲಿ ಕಂಡಕ್ಟರ್ ಆಗಿರುವುದು ಸುಖ ಅನ್ನಿಸಿತು.

ಚಕ್ರ ಉರುಳತೊಡಗಿದಾಗ ಅವ್ವ ಕಣ್ಣು ಮುಚ್ಚಿ ಹೇಳಿದಳು: “ಭೂಮಿ ಬಿಟ್ಟ ಮ್ಯಾಲ ನಾ ಬಾಯಾಗ ಹನಿ ನೀರು ಹಾಕಂಗಿಲ್ಲ. ಅಲ್ಲಿ ನೆಲಕ್ಕ ಕಾಲಿಟ್ಟ ಮ್ಯಾಲೇ ನೀರು. ಕೂಸಿನ ಹೆಸರ್ಲೆ ಬೇಡಿಕೊಂಡೀನಿ.”

ಒಂದು ತಾಸಿನ ಮಾತಲ್ಲವೇ ಎಂದು ನಾನೂ ಹೂಂ ಅಂದೆ.

ಸಮುದ್ರದ ಮೇಲೆ

ಪೈಲಟ್ ಮೈಕಿನಲ್ಲಿ ಏನೋ ಹೇಳಿದ. ನಮ್ಮ ಬಸ್ ನಿಲ್ದಾಣದ ಮೈಕಿನ ಹಾಗೆಯೇ ಒಂದಕ್ಷರ ತಿಳಿಯಲಿಲ್ಲ. ಅವ್ವ ಕಿಟಕಿಗೆ, ನಾನು ನಡುವೆ. ನನ್ನ ಇನ್ನೊಂದು ಪಕ್ಕದಲ್ಲಿ ಉದ್ದನೆಯ ಬಿಳಿ ಅಂಗಿ ತೊಟ್ಟು ಕಸೂತಿಯ ಟೋಪಿ ಇಟ್ಟ ಒಬ್ಬ ಒಮಾನಿ ಹಿರಿಯ. ಹೈದರಾಬಾದಿನಲ್ಲಿ ಮೊಣಕಾಲು ಆಪರೇಷನ್ ಮಾಡಿಸಿಕೊಂಡು ಊರಿಗೆ ಹೊರಟವನು. ಹಿಂದಿ ಚೆನ್ನಾಗಿಯೇ ಆಡುತ್ತಿದ್ದ. ಮೊಣಕಾಲು ಎಂದ ಕೂಡಲೇ ಅವ್ವ ಕಣ್ಣು ತೆರೆದಳು. ಅವಳ ದಖನಿ ಉರ್ದು, ಅವನ ಹಿಂದಿ, ನಡುವೆ ನನ್ನ ತೊಡೆ. ಇಬ್ಬರೂ ತಂತಮ್ಮ ಕಾಲುಗಳ ಕಷ್ಟಸುಖ ಮಾತಾಡಿಕೊಂಡರು.

ಹನ್ನೊಂದೂ ಇಪ್ಪತ್ತಾಯಿತು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಳಿಯಲು ತಯಾರಾದೆ. ಯಾರೂ ಅಲ್ಲಾಡಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ಬರೀ ನೀರು. ಬಸ್ಸು ಐದು ಹತ್ತು ನಿಮಿಷ ತಡವಾಗುವುದಿಲ್ಲವೇ ಎಂದು ಕಾದೆ. ಹನ್ನೊಂದೂವರೆ ಆಯಿತು, ಅದೂ ದಾಟಿತು. ನೀರು ಮುಗಿಯಲಿಲ್ಲ.

“ಬಂತೇನು?” ಅಂದಳು ಅವ್ವ. ಅವಳ ತುಟಿ ಒಣಗಿತ್ತು.

“ಬರ್ತದವ್ವ, ಸ್ವಲ್ಪ ಲೇಟ್ ಅದ.”

“ದಾರಿ ತಪ್ಯಾನೇನು ನೋಡು. ಕೇಳಲಿಕ್ಕೂ ಇಲ್ಲಿ ಯಾರೂ ಇಲ್ಲ,” ಎಂದು ಅವಳು ಕೆಳಗೆ ನೋಡಿದಳು.

ಕಡೆಗೆ ಆ ಹಿರಿಯನನ್ನೇ ಕೇಳಿದೆ: ಹನ್ನೊಂದೂ ಇಪ್ಪತ್ತಕ್ಕೆ ಮುಟ್ಟಬೇಕಾದದ್ದು ಯಾಕೆ ಮುಟ್ಟಿಲ್ಲ? ಅವನು ನನ್ನ ಗಡಿಯಾರ ನೋಡಿದ, ತನ್ನ ಗಡಿಯಾರದ ಕೈಯನ್ನು ನನ್ನ ಕೈಯ ಪಕ್ಕಕ್ಕೆ ತಂದ. ಅವನದರಲ್ಲಿ ಇನ್ನೂ ಹತ್ತೂಕಾಲು ಆಗಿರಲಿಲ್ಲ.

“ಬೇಟೀ, ತುಮ್ಹಾರಾ ಘಡೀ ಹಿಂದುಸ್ತಾನ್ ಮೇಂ ಬೈಠಾ ಹೈ,” ಅಂದ, ನಿನ್ನ ಗಡಿಯಾರ ಇನ್ನೂ ಹಿಂದುಸ್ತಾನದಲ್ಲೇ ಕುಳಿತಿದೆ ಎಂದು. ನಮ್ಮ ಹೊತ್ತಿಗಿಂತ ಅವರ ಹೊತ್ತು ಒಂದೂವರೆ ತಾಸು ಹಿಂದೆ. ಟಿಕೆಟ್ಟಿನಲ್ಲಿ ಬಿಡುವ ಹೊತ್ತು ನಮ್ಮದು, ಮುಟ್ಟುವ ಹೊತ್ತು ಅವರದು. ದಾರಿ ಸುಮಾರು ಮೂರು ತಾಸಿನದು ಎಂದು ನಿಧಾನವಾಗಿ ತಿಳಿಸಿದ.

ನನಗೆ ಆದ ನಾಚಿಕೆಯನ್ನು ಏನು ಹೇಳಲಿ. ಎರಡು ಊರಿಗೆ ಎರಡು ಹೊತ್ತು ಇರುತ್ತದೆಂದು ನನಗೆ ಯಾಕೆ ಹೊಳೆಯಲಿಲ್ಲ? ಸೇಡಂನಲ್ಲಿ ಹತ್ತಾದರೆ ಚಿಂಚೋಳಿಯಲ್ಲೂ ಹತ್ತೇ, ಅದೇ ಕಾರಣ. ಅವ್ವನಿಗೆ ಹೇಳಲೇಬೇಕಾಯಿತು. ಅವಳು ಪೂರ್ತಿ ಕೇಳಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿನ್ನ ಬಸ್ಸಿನ್ಯಾಗ ಕುಂತವರನ್ನ ದೇವ್ರೇ ಕಾಯಬೇಕು,” ಅಂದಳು.

“ನೀರು ಕುಡಿಯವ್ವ. ಲೆಕ್ಕಾ ತಪ್ಪಿದ್ದು ನಂದು. ದೇವ್ರು ನನ್ನ ಲೆಕ್ಕಕ್ಕ ಹಿಡಿತಾನ.”

ಹಿರಿಯನೂ ಹೇಳಿದ, ತಮ್ಮಲ್ಲಿ ಉಪವಾಸದ ತಿಂಗಳಲ್ಲೂ ದಾರಿ ನಡೆಯುವವರಿಗೆ ಮಾಫಿ ಇದೆ ಎಂದು. ತನ್ನ ನೀರಿನ ಬಾಟಲಿಯನ್ನು ಮುಂದೆ ಹಿಡಿದ. ಅವ್ವ “ನಕ್ಕೋ ಭಾಯಿ,” ಎಂದು ಕೈ ಎತ್ತಿ ಕಣ್ಣು ಮುಚ್ಚಿದಳು. ನನ್ನ ಮುಂದೆ ಹುಡುಗಿ ಇಟ್ಟುಹೋದ ನೀರಿನ ಬಾಟಲಿಯಿತ್ತು, ತಿಂಡಿಯ ಪೊಟ್ಟಣವಿತ್ತು. ನನಗೆ ಗಂಟಲು ಒಣಗಿತ್ತು, ಹಸಿವೂ ಆಗಿತ್ತು. ಅವನ್ನು ಎತ್ತಿ ಚೀಲದಲ್ಲಿ ಹಾಕಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಒಂದು ಕಣ್ಣು ತೆರೆದು, ನನ್ನ ಮುಂದಿನ ಖಾಲಿ ಹಲಗೆಯನ್ನು ನೋಡಿ, ಮತ್ತೆ ಮುಚ್ಚಿದಳು.

ಮಸ್ಕತ್

ಇಳಿದೆವು. ಆದರೆ ನೆಲ ಸಿಗಲಿಲ್ಲ. ವಿಮಾನದ ಬಾಗಿಲಿಗೆ ಒಂದು ಕೊಳವೆಯಂಥ ದಾರಿ ಅಂಟಿಸಿದ್ದರು. ಅವ್ವ ಕಾಲಿನಿಂದ ಕುಟ್ಟಿ ನೋಡಿ “ಇದು ನೆಲಲ್ಲ, ತಗಡು,” ಅಂದಳು. ಅದು ಮುಗಿದ ಮೇಲೆ ಜಮಖಾನೆ. “ಇದೂ ಅಲ್ಲ.” ಆಮೇಲೆ ತಾನೇ ಓಡುವ ಪಟ್ಟಿ. ಅದನ್ನಂತೂ ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಪಾಸ್‌ಪೋರ್ಟ್ ನೋಡುವವನು ಅವಳ ಒಣಗಿದ ಮುಖ ನೋಡಿ ಹುಷಾರಿಲ್ಲವೇ ಎಂದು ಕೇಳಿದ. ಹೊರಗೆ ಶರಣು ಓಡಿ ಬಂದು ಕಾಲಿಗೆ ಬಿದ್ದರೆ ಅವನನ್ನು ದಾಟಿಕೊಂಡು ಹೋದಳು. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಖರ್ಜೂರದ ಗಿಡ, ಅದರ ಬುಡದಲ್ಲಿ ಅಂಗೈಯಗಲ ಮಣ್ಣು. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, “ಈಗ ಕೊಡು ನೀರು,” ಅಂದಳು. ನಾವಿಬ್ಬರೂ ಅಲ್ಲಿಯೇ ನಿಂತು ಕುಡಿದೆವು. ಬಾಟಲಿ ನನ್ನ ಕೈಗೆ ಕೊಡುವಾಗ “ಕುಡಿ ಹುಚ್ಚಿ, ಪೂರಾ ಕುಡಿ,” ಅಂದಳು.

ಶರಣುವಿನ ಮನೆ ಮಸ್ಕತ್ ದಾಟಿ ಒಂದು ತಾಸಿನ ದಾರಿ. ಈ ಸಲ ಒಂದು ತಾಸು ಎಂದರೆ ಒಂದೇ ತಾಸು. ದಾರಿಯುದ್ದಕ್ಕೂ ಬಿಳಿ ಮನೆಗಳು, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡಗಳು. ನಮ್ಮ ಕಡೆಯ ರಾವೂರಿನ ಕಲ್ಲುಗಣಿಯನ್ನು ಯಾರೋ ನೆಟ್ಟಗೆ ನಿಲ್ಲಿಸಿದಂತೆ ಕಂಡಿತು. ಅಲ್ಲಿ ಒಣಗಿದ ಹಳ್ಳಕ್ಕೆ ವಾದಿ ಅನ್ನುತ್ತಾರೆ. ಸೇತುವೆಗೊಂದರಂತೆ ಬೋರ್ಡು ಹಾಕಿದ್ದನ್ನು ಇಂಗ್ಲಿಷಿನಲ್ಲಿ ಓದಿದಾಗ ನಮ್ಮ ವಾಡಿಯೇ ಬಂತೇನೋ ಅನ್ನಿಸುತ್ತಿತ್ತು. ರಸ್ತೆ ದಾಟಲು ಒಬ್ಬ ಮನುಷ್ಯ ಅಂಚಿಗೆ ಬಂದು ನಿಂತರೆ ಸಾಕು, ಎರಡೂ ಕಡೆಯ ಕಾರುಗಳು ನಿಲ್ಲುತ್ತವೆ. ನಾನು ಅವನು ಹತ್ತಲು ನಿಂತಿದ್ದಾನೆಂದು ತಿಳಿದು ಬಾಗಿಲ ಕಡೆಗೆ ಕೈ ಹಾಕಿದ್ದೆ. ಶರಣು ನಕ್ಕು ನಕ್ಕು ಸಾಕಾದ.

ಕೂಸು ಕರಿ ಕಣ್ಣಿನ, ತುಂಬುಗೆನ್ನೆಯ ಚೆಲುವೆ. ನನ್ನ ಕೈಗೆ ಬಂದು ನನ್ನ ಮೂಗು ಹಿಡಿಯಿತು. ಸ್ವರೂಪ ನಮ್ಮ ಕನ್ನಡಕ್ಕೆ ಅವರೂರಿನ ತೆಲುಗು ಬೆರೆಸದೆ ಮಾತಾಡಲಾರಳು. ನನ್ನನ್ನು ವದಿನಾ ಅನ್ನುತ್ತಾಳೆ, ಅವ್ವನನ್ನು ಅತ್ತಮ್ಮಾ ಅನ್ನುತ್ತಾಳೆ. ಹೆಸರು ಕಾಶಿ ಹೇಳುತ್ತಾಳೆ ಎಂದು ಅವ್ವ ಅಂದ ಕೂಡಲೇ ಶರಣುವಿನ ಮುಖ ಕೆಂಪಾಯಿತು. “ಹಂಗಾದ್ರ ಅಕ್ಕನ್ನ ಇಷ್ಟು ದೂರ ಯಾಕ ಕರಿಸೀನಿ ನಾನು?” ಎಂದು ಎದ್ದು ನಿಂತ. ಸ್ವರೂಪ ಮೆಲ್ಲಗೆ, “ಅತ್ತಮ್ಮಾ, ವದಿನಾನೇ ಹೇಳ್ಲಿ. ನಂಗೇನೂ ಅಭ್ಯಂತರ ಇಲ್ಲ,” ಅಂದಳು. ಅವ್ವ ಕೂಸಿನ ಬಟ್ಟೆ ಮಡಚುತ್ತ ಕುಳಿತಳು. ನಾನು ತಮ್ಮನನ್ನು ಹೊರಗೆ ಕರೆದುಕೊಂಡು ಹೋಗಿ ಸುಮ್ಮನಿರಲು ಹೇಳಿದೆ. ಕೂಸಿನ ಹೆಸರಿನ ಮೇಲೆ ಮನೆಯಲ್ಲಿ ಜಗಳ ಬೇಡ, ನನಗೆ ಕೂಸನ್ನು ಎತ್ತಿಕೊಳ್ಳಲು ಸಿಕ್ಕಿತಲ್ಲ, ಅಷ್ಟು ಸಾಕು ಅಂದೆ. ಸಾಕಾಗಿರಲಿಲ್ಲ. ಆದರೆ ಹಾಗೆ ಅಂದೆ.

ಎದುರು ಮನೆಯಲ್ಲಿ ಒಬ್ಬ ಒಮಾನಿ ತಾಯಿ, ಅವ್ವನ ವಯಸ್ಸಿನವಳು. ಮರುದಿನ ನಮ್ಮನ್ನು ಕಾಫಿಗೆ ಕರೆದಳು. ಕಾಫಿ ಎಂದರೆ ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಹಾಕಿದ ಕಹಿ ನೀರು, ಜೊತೆಗೆ ಖರ್ಜೂರ. ಹಿಡಿಯಿಲ್ಲದ ಪುಟ್ಟ ಬಟ್ಟಲು ಖಾಲಿಯಾದಷ್ಟೂ ತುಂಬುತ್ತಿದ್ದಳು. ಸಾಕು ಅಂದೆ, ಕೈ ಅಡ್ಡ ಹಿಡಿದೆ, ಆಕೆ ನಗುತ್ತ ಮತ್ತೆ ತುಂಬಿದಳು. ನಮ್ಮಲ್ಲಿ ಸಾಕು ಎಂದರೆ ಇನ್ನೆರಡು ರೊಟ್ಟಿ ಬೀಳುತ್ತವೆ, ಇಲ್ಲೂ ಅದೇ ರೀತಿ ಇರಬೇಕು ಎಂದು ಕುಡಿದೆ. ಕಡೆಗೆ ಆಕೆಯ ಸೊಸೆ ಬಟ್ಟಲನ್ನು ಹಿಡಿದು ಅಲ್ಲಾಡಿಸಿ ತೋರಿಸಿದಳು. ಬಟ್ಟಲು ಅಲ್ಲಾಡಿಸಿದರೆ ಮಾತ್ರ ಸಾಕು ಎಂದರ್ಥ. ಅಷ್ಟರಲ್ಲಿ ನನ್ನ ಹೊಟ್ಟೆ ತುಂಬಿ ಎದೆ ಉರಿಯುತ್ತಿತ್ತು.

ನಾಳಿನ ಕಾರ್ಯದ ಮಾತು ಬಂತು. ಒಮಾನಿ ತಾಯಿ ಅರೆಬರೆ ಹಿಂದಿಯಲ್ಲಿ ಹೇಳಿದಳು, ತಮ್ಮಲ್ಲೂ ಕೂಸು ಹುಟ್ಟಿದ ಕೂಡಲೇ ಕಿವಿಯಲ್ಲಿ ದೇವರ ಹೆಸರು ಹೇಳುತ್ತಾರಂತೆ, ತಂದೆ ಹೇಳುತ್ತಾನಂತೆ. ನಿಮ್ಮಲ್ಲಿ ಯಾರು ಎಂದು ಕೇಳಿದಳು. ಬಾಪ್ ಕೀ ಬೆಹನ್ ಎಂದಳು ಅವ್ವ. ಆ ತಾಯಿ ನನ್ನ ಕಡೆಗೆ ಕೈ ಮಾಡಿ, “ಯೇ?” ಅಂದಳು. ಅವ್ವ ತಲೆಯಾಡಿಸಿ, ಹೇಳುವವಳು ಊರಿನಲ್ಲಿದ್ದಾಳೆ, ಫೋನಿನಲ್ಲಿ ಹೇಳುತ್ತಾಳೆ ಅಂದಳು.

ಆ ತಾಯಿಗೆ ಅರ್ಥವಾಗಲಿಲ್ಲ. ನನ್ನನ್ನೂ ಅವ್ವನನ್ನೂ ನೋಡಿದಳು. “ಬಾಪ್ ಕೀ ಬೆಹನ್ ತೋ ಯೇ ಹೈ. ಯೇ ಆಯೀ ಹೈ,” ಅಂದಳು, ತಂದೆಯ ಅಕ್ಕ ಇವಳೇ ಅಲ್ಲವೇ, ಇವಳು ಬಂದಿದ್ದಾಳಲ್ಲ ಎಂದು. ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ, ತಿಳಿಯದೆ ಕೇಳಿದ್ದು. ಅವ್ವ ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟಳು.

ತೊಟ್ಟಿಲು

ಗುಂಡಪ್ಪನ ಜಾಗಕ್ಕೆ ಶರಣು ಒಣಹಳ್ಳದಿಂದ ಒಂದು ನುಣುಪಾದ ಕಲ್ಲು ತಂದಿದ್ದ. ಅವ್ವ ಅದನ್ನು ಬೆಳಿಗ್ಗೆ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಊರಿನ ಅಯ್ಯನವರು ನಡುಮಧ್ಯಾಹ್ನದ ಮುಹೂರ್ತ ಹೇಳಿದ್ದರು. ಯಾವ ಊರಿನ ಮಧ್ಯಾಹ್ನ ಎಂದು ಮನೆಯಲ್ಲಿ ಚರ್ಚೆಯಾಯಿತು. ಶರಣು ಊರಿನ ಹನ್ನೆರಡಕ್ಕೇ ಮುಗಿಸೋಣ ಎಂದ, ಕಾಶಿಯೂ ಅಷ್ಟರೊಳಗೆ ರೇಷ್ಮೆ ಸೀರೆ ಉಟ್ಟು ಫೋನಿನಲ್ಲಿ ಬಂದು ಕುಳಿತಿದ್ದಳು. ಅವ್ವ ಒಪ್ಪಲಿಲ್ಲ.

“ಕೂಸು ಎಲ್ಲಿ ಅದನೋ ಅಲ್ಲಿದೇ ಹೊತ್ತು,” ಅಂದಳು. “ಇಲ್ಲಿ ಸೂರ್ಯ ನೆತ್ತಿಗಿ ಬರಲಿ.”

ಹಾಗಾಗಿ ಕಾಶಿ ಚಿಂಚೋಳಿಯಲ್ಲಿ ಇನ್ನೂ ಒಂದೂವರೆ ತಾಸು ಹಸಿದು ಕಾಯಬೇಕಾಯಿತು. ಅವಳ ಹಿಂದೆ ಕುಳಿತ ಹೆಂಗಸರು ಆಕಳಿಸುವುದು ನಮಗೆ ಕಾಣುತ್ತಿತ್ತು.

ನಡುಮನೆಯಲ್ಲಿ ತೊಟ್ಟಿಲು. ಒಮಾನಿ ತಾಯಿ, ಅವಳ ಸೊಸೆ, ಸ್ವರೂಪಳ ಜೊತೆ ಕೆಲಸ ಮಾಡುವ ಇಬ್ಬರು ಕೇರಳದ ನರ್ಸುಗಳು ಬಂದಿದ್ದರು. ನಾನು ಅಡುಗೆಮನೆಗೆ ಹೋಗಿ ಹುಗ್ಗಿಯ ಪಾತ್ರೆಯ ಮುಂದೆ ನಿಂತೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲಿನ ಒಳಗೆ ಕುಳಿತಳು. ಅದು ಅವಳ ಎಂದಿನ ಜಾಗ. ಅಲ್ಲಿಂದಲೇ ಒಂದೊಂದನ್ನೂ ಹೇಳಿ ಮಾಡಿಸುತ್ತಿದ್ದಳು. ಕಲ್ಲನ್ನು ಮಲಗಿಸಿ ತೂಗಿದರು, ತೆಗೆದರು, ಕೂಸನ್ನು ಮಲಗಿಸಿದರು. ಶರಣು ಮುಖ ಗಂಟು ಹಾಕಿಕೊಂಡು ಫೋನು ಹಿಡಿದು ತೊಟ್ಟಿಲಿಗೆ ಬಗ್ಗಿದ. ಕಾಶಿ ಗಂಟಲು ಸರಿಮಾಡಿಕೊಂಡದ್ದು ನನಗೆ ಒಳಗೆ ಕೇಳಿಸಿತು. ನಾನು ಸೌಟು ಹಿಡಿದೆ.

“ತಡಿ,” ಅಂದಳು ಅವ್ವ.

ಎಲ್ಲರೂ ತಿರುಗಿ ನೋಡಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಮೊಣಕಾಲು ನೋವಿನಿಂದ ಏಳಲು ಸಮಯ ಹಿಡಿಯಿತು. ಹೊಸ್ತಿಲು ದಾಟಿ ನಡುಮನೆಗೆ ಹೋಗಿ ಶರಣುವಿನ ಕೈಯಿಂದ ಫೋನು ತೆಗೆದುಕೊಂಡಳು.

“ಕಾಶೀ,” ಅಂದಳು. “ನೀ ಕುಂದ್ರವಾ. ಹೆಸರು ಬಂದಾಕಿ ಹೇಳ್ತಾಳ.”

ಫೋನಿನಿಂದ ಕಾಶಿಯ ದನಿ ಬಂತು: “ನಾ ನಿನಗ ಆವತ್ತೇ ಹೇಳಿದ್ದೆ ಕಾಕಿ, ನೀ ಕೇಳಲಿಲ್ಲ. ಮಾದೇವೀನ ಕರೀರಿ. ನಮಗ ಹಸಿವ್ಯಾಗ್ಯದ.”

ಅವ್ವ ಒಳಗೆ ಬಂದು ನನ್ನ ಕೈಯಿಂದ ಸೌಟು ತೆಗೆದು ಪಾತ್ರೆಯಲ್ಲಿಟ್ಟಳು. “ನಂದು ಕೂಸಿಗಿ ಬ್ಯಾಡ ಅಂದಿದ್ದೆಲ್ಲವ್ವ,” ಅಂದೆ.

“ಅಂದಿದ್ದೆ,” ಅಂದಳು. “ನೀ ಮೂರು ತಾಸು ನೀರು ಬಿಟ್ಟು ನನ್ನ ಬಾಜೂಕ ಕುಂತಿದ್ದೆಲ್ಲ, ಅದು ಯಾರಿಂದ ಬಂತು ನಿನಗ? ಅದೂ ನಂದೇ. ಅದು ಬರಲಿ ಕೂಸಿಗಿ. ನಡಿ.”

ತೊಟ್ಟಿಲಿಗೆ ಬಗ್ಗಿದೆ. ಕೂಸಿನ ಕಿವಿ ನನ್ನ ಕಿರುಬೆರಳಿನಷ್ಟಿತ್ತು. ನನ್ನ ಗಂಟಲು ವರ್ಷಗಟ್ಟಲೆ ಇಂಜಿನ್ನಿನ ಸದ್ದಿನ ಮೇಲೆ ಊರುಗಳ ಹೆಸರು ಕೂಗಿದ್ದು, ಪಿಸುಗುಡುವುದು ಅದಕ್ಕೆ ಗೊತ್ತೇ ಇಲ್ಲ. ಕುರ್ರ್ ಎಂದು ಮೂರು ಸಲ ಹೇಗೋ ಮೆಲ್ಲಗೆ ಅಂದೆ. ಹೆಸರಿಗೆ ಬರುವಷ್ಟರಲ್ಲಿ ಅಳು ಒತ್ತಿ ಬಂತು, ಅಳುವನ್ನು ತಡೆಯಲು ಹೋಗಿ ದನಿ ಏರಿತು. “ಗೌರಮ್ಮ” ಎಂದದ್ದು ಕೆಳಗಿನ ರಸ್ತೆಗೂ ಕೇಳಿಸಿರಬೇಕು. ಕೂಸು ಬೆಚ್ಚಿ ಚೀರಿತು. ಚಿಂಚೋಳಿಯಲ್ಲಿ ಹೆಂಗಸರು ಬಿದ್ದು ಬಿದ್ದು ನಕ್ಕರು.

ಒಮಾನಿ ತಾಯಿಗೂ ನರ್ಸುಗಳಿಗೂ ಗುದ್ದುವ ಪದ್ಧತಿ ಗೊತ್ತಿರಲಿಲ್ಲ, ಅವರು ಸುಮ್ಮನೆ ನಿಂತಿದ್ದರು. ಸ್ವರೂಪ ಬಾಣಂತಿ, ಕುರ್ಚಿಯಿಂದ ಏಳುವ ಹಾಗಿಲ್ಲ. ನಾನು ಬಗ್ಗಿಯೇ ಇದ್ದೆ. ಮೊದಲ ಗುದ್ದು ಬಿತ್ತು, ಗಟ್ಟಿಯಾಗಿಯೇ ಬಿತ್ತು. ಎರಡನೆಯದೂ ಅದೇ ಕೈ, ಮೂರನೆಯದೂ ಅದೇ ಕೈ. “ಸಾಕು ಬಿಡ್ರಿ ಅತ್ತಮ್ಮಾ, ನೋಯ್ತದ ವದಿನಾಗೆ,” ಎಂದು ಸ್ವರೂಪ ಅನ್ನುತ್ತಿದ್ದಳು. ಅವ್ವ ಬಿಡಲಿಲ್ಲ, ನಾನೂ ಬೆನ್ನು ಎತ್ತಲಿಲ್ಲ.